ಆರು ವೋಲ್ಟಿನ ದೊಡ್ಡ ಮನುಷ್ಯ

ಆತ ತೀರಿಕೊಂಡ ಮೇಲೆ ಹಳೇ ಕಾರುಗಳ ಸಂಘದವರು ಇಬ್ಬರು ಸಾರಕ್ಕಿಯ ನನ್ನ ಮನೆ ಹುಡುಕಿಕೊಂಡು ಬಂದರು. ನೆನಪಿನ ಪುಸ್ತಕವೊಂದನ್ನು ತರುತ್ತಿದ್ದಾರಂತೆ. “ಅವರ ಬ್ಯಾಟರಿ ಕೆಲ್ಸ ಎಲ್ಲಾ ನೀವೇ ಮಾಡಿದ್ದಲ್ವಾ ರೇವಣ್ಣೋರೇ, ನಾಲ್ಕು ಒಳ್ಳೆ ಮಾತು ಬರ್ಕೊಡಿ,” ಎಂದರು. ಕಾಫಿ ಕೊಟ್ಟು ಕಳಿಸಿದೆ. ಎರಡು ದಿನ ಕೂತು ಯೋಚಿಸಿದೆ. ಒಂದು ಒಳ್ಳೆಯ ಮಾತು ಸಿಕ್ಕಿತು: ಆತನ ಬೂಟು ಯಾವಾಗಲೂ ಶುಭ್ರವಾಗಿರುತ್ತಿತ್ತು. ಉಳಿದ ಮೂರು ಸಿಗಲಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡುವ ಧೈರ್ಯ ನನಗಿರಲಿಲ್ಲ. ಹಾಗಾದರೆ ಯಾವಾಗ ಆಡುವುದು? ಎದುರಿಗೆ ಹದಿನೈದು ವರ್ಷ ‘ಸಾರ್’ ಎಂದಿದ್ದೇನೆ. ಇಲ್ಲಿ ‘ಆತ’ ಎಂದು ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಆತನ ಹೆಂಡತಿ ಒಳ್ಳೆಯ ಹೆಂಗಸು, ಇನ್ನೂ ಇದ್ದಾರೆ.

ಎಪ್ಪತ್ತರ ದಶಕದ ಮೊದಲಲ್ಲಿ ಜಯನಗರದ ಏಳನೇ ಬ್ಲಾಕಿನ ಮೂಲೆಯೊಂದರಲ್ಲಿ ನಾನು ಬ್ಯಾಟರಿ ಅಂಗಡಿ ಇಟ್ಟೆ. ಅಂಗಡಿ ಎಂದರೆ ತಗಡಿನ ಒಂದು ಶೆಡ್ಡು, ಗೋಡೆಗೆ ಚಾರ್ಜ್ ಮಾಡುವ ಮೆಷಿನ್ನು, ಮೂಲೆಯಲ್ಲಿ ಆಸಿಡ್ಡಿನ ಜಾಡಿ, ಸೀಸ ಕರಗಿಸುವ ಒಲೆ. ಆಗ ಬ್ಯಾಟರಿ ಸತ್ತರೆ ಯಾರೂ ಎಸೆಯುತ್ತಿರಲಿಲ್ಲ. ಮೇಲಿನ ಟಾರು ಕೆರೆದು, ಒಳಗಿನ ಸವೆದ ಪ್ಲೇಟು ತೆಗೆದು, ಹೊಸ ಪ್ಲೇಟು ಕೂರಿಸಿ, ಸೀಸದಲ್ಲಿ ಬೆಸೆದು, ಮತ್ತೆ ಟಾರು ಹುಯ್ದು ಕೊಡುತ್ತಿದ್ದೆವು. ಚೆನ್ನಾಗಿ ಮಾಡಿದರೆ ಮೂರು ವರ್ಷಕ್ಕೆ ಮೋಸವಿಲ್ಲ. ನಾನು ಚೆನ್ನಾಗಿ ಮಾಡುತ್ತಿದ್ದೆ. ಇದು ಜಂಬವಲ್ಲ, ಬನಶಂಕರಿಯಿಂದ ಲಾಲ್‌ಬಾಗಿನವರೆಗೆ ಯಾವ ಟ್ಯಾಕ್ಸಿಯವನನ್ನು ಕೇಳಿದ್ದರೂ ಹೇಳುತ್ತಿದ್ದ.

ಆತ ದೊಡ್ಡ ಕಾರ್ಖಾನೆಯೊಂದರ ಪರ್ಚೇಸ್ ಆಫೀಸರ್. ಜಯನಗರದಲ್ಲೇ ಸ್ವಂತ ಮನೆ, ಮನೆಯ ಪಕ್ಕದ ಶೆಡ್ಡಿನಲ್ಲಿ ಎರಡು ಹಳೇ ಇಂಗ್ಲಿಷ್ ಕಾರು. ಬಲಗೈ ಬೆರಳಿನಲ್ಲಿ ಕೆಂಪು ಹರಳಿನ ದಪ್ಪ ಉಂಗುರ. ಯಾವ ವಸ್ತು ಕಂಡರೂ ಆತ ಅದನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಉಂಗುರದಿಂದ ಟಕ್ ಟಕ್ ಎಂದು ಎರಡು ಸಲ ಹೊಡೆದು, ತಲೆ ಅಲ್ಲಾಡಿಸುತ್ತಿದ್ದ. ಬ್ಯಾಟರಿಗೆ, ಕಾರಿನ ಬಾನೆಟ್ಟಿಗೆ, ಒಮ್ಮೆ ನನ್ನ ಅಂಗಡಿಯ ದೇವರ ಪಟದ ಗಾಜಿಗೂ ಹೀಗೆ ಹೊಡೆದು ನೋಡಿದ್ದ. “ಒರಿಜಿನಾಲಿಟಿ ಇಲ್ಲ,” ಎನ್ನುವುದು ಆತನ ತೀರ್ಪು. ಆ ಮಾತು ಹೇಳಲು ಆತನಿಗೆ ವಸ್ತುವಿನ ಬಗ್ಗೆ ಏನೂ ತಿಳಿದಿರಬೇಕಾಗಿರಲಿಲ್ಲ. ತಿಳಿದೂ ಇರಲಿಲ್ಲ.

ಮೊದಲನೇ ಸಲ ಬಂದಾಗಲೇ ಗೊತ್ತಾಯಿತು. ನಾನು ಏಳೆಂಟು ಬ್ಯಾಟರಿಗಳನ್ನು ಸಾಲಾಗಿ ಇಟ್ಟು, ಒಂದರಿಂದ ಒಂದಕ್ಕೆ ತಂತಿ ಕಟ್ಟಿ ಚಾರ್ಜಿಗೆ ಹಾಕಿದ್ದೆ. ಆತನದು ಸಾಲಿನ ಕೊನೆಯಲ್ಲಿತ್ತು.

“ಏನಯ್ಯಾ, ಟ್ಯಾಕ್ಸಿ ಬ್ಯಾಟರಿಗಳ ಜೊತೆ ನಂದನ್ನೂ ಇಟ್ಟಿದೀಯಲ್ಲ?”

“ಎಲ್ಲಕ್ಕೂ ಅದೇ ಕರೆಂಟು ಸಾರ್.”

“ಅವುಗಳ ಎಂಜಲು ಕರೆಂಟು ನನ್ನದಕ್ಕೆ ಬರ್ಬೇಕಾ? ಮೊದಲು ಇಡು ನಂದನ್ನ.”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. ಆತ ನಗಲಿಲ್ಲ. ತಂತಿ ಬಿಚ್ಚಿ, ಆತನ ಬ್ಯಾಟರಿಯನ್ನು ಸಾಲಿನ ತಲೆಗೆ ತಂದು ಕಟ್ಟಿದೆ. ಆತ ನಿಂತು ನೋಡಿ, ಸಮಾಧಾನವಾಗಿ ಹೋದ. ಒಬ್ಬ ಮನುಷ್ಯ ವಿದ್ಯುತ್ತಿನಲ್ಲೂ ಪಂಕ್ತಿಭೇದ ಮಾಡಬಲ್ಲ ಎನ್ನುವುದನ್ನು ಅವತ್ತು ಕಂಡೆ. ಅಂದಿನಿಂದ ಆತನ ಬ್ಯಾಟರಿ ಬಂದಾಗಲೆಲ್ಲ ಅಗ್ರಸ್ಥಾನದಲ್ಲೇ ಇಡುತ್ತಿದ್ದೆ. ಟ್ಯಾಕ್ಸಿಯವರು ಅದನ್ನು “ಸ್ವಾಮಿಗಳ ಬ್ಯಾಟರಿ” ಎಂದು ಕರೆಯುತ್ತಿದ್ದರು.

ಇನ್ನೊಂದು ಸಲ ಬಾಯಲ್ಲಿ ಸಿಗರೇಟಿಟ್ಟುಕೊಂಡು ಚಾರ್ಜಿನಲ್ಲಿದ್ದ ಬ್ಯಾಟರಿಯ ಮೇಲೆ ಬಗ್ಗಿದ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಗ್ಯಾಸು ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. “ಸಾರ್, ಸಿಗರೇಟು!” ಎಂದು ಕೂಗಿದೆ.

“ನನಗೆ ಕೆಮಿಸ್ಟ್ರಿ ಹೇಳ್ಕೊಡ್ಬೇಡ,” ಎಂದ.

ಡಬ್ ಎಂದಿತು. ಒಂದು ಮುಚ್ಚಳ ಹಾರಿ ತಗಡಿಗೆ ಬಡಿಯಿತು. ದೇವರ ದಯೆ, ಮೀಸೆಯ ಒಂದು ತುದಿ ಸುಟ್ಟದ್ದು ಬಿಟ್ಟರೆ ಏನೂ ಆಗಲಿಲ್ಲ. ನಾನು ಬಕೆಟ್ಟಿನ ನೀರು ತಂದು ಆತನ ಮುಖ ತೊಳೆಸಿದೆ. ಒಂದು ವಾರದ ನಂತರ ಸಂಘದ ಇನ್ನೊಬ್ಬ ಸದಸ್ಯರು ಬಂದು, “ಏನ್ರೀ ರೇವಣ್ಣ, ಬ್ಯಾಟರಿ ಸಿಡೀವಾಗ ನಮ್ಮವರು ನಿಮ್ಮನ್ನ ಎಳೆದು ಕಾಪಾಡಿದ್ರಂತೆ?” ಎಂದು ಕೇಳಿದರು. ಹೌದು ಎಂದೆ. ಹೀಗೆ ಹೌದು ಎನ್ನುವುದು ನನಗೆ ಅಭ್ಯಾಸವಾಗುತ್ತಿತ್ತು.

ಯಾಕೆ ಎಂದು ಓದುವವರು ಕೇಳಬಹುದು. ಆತ ನನಗೆ ಕೆಲಸ ತರುತ್ತಿದ್ದ. ಸಂಘದ ಅಷ್ಟೂ ಹಳೇ ಕಾರುಗಳ ಬ್ಯಾಟರಿ ನನ್ನಲ್ಲಿಗೇ ಬರುತ್ತಿತ್ತು. ಆತನ ಕಾರ್ಖಾನೆಯ ವ್ಯಾನುಗಳ ಕೆಲಸವೂ ಬಂತು. ತಗಡಿನ ಶೆಡ್ಡು ಹೋಗಿ ಇಟ್ಟಿಗೆಯ ಗೋಡೆ ಎದ್ದದ್ದು ಆತನಿಂದಲೇ. ಅದನ್ನು ಆತ ಮರೆಯುತ್ತಿರಲಿಲ್ಲ, ಮರೆಯಲು ಬಿಡುತ್ತಲೂ ಇರಲಿಲ್ಲ.

ಪರ್ಚೇಸ್ ವಿದ್ಯೆಯ ಒಂದು ಗುಟ್ಟನ್ನು ಆತ ಆಗಾಗ ಹೇಳುತ್ತಿದ್ದ: “ಒಂದು ವಸ್ತು ಬೇಕು ಅನ್ನಿಸಿದ್ರೆ, ಅದು ಯಾಕೆ ಕೆಲಸಕ್ಕೆ ಬರಲ್ಲ ಅನ್ನೋದನ್ನ ಮೊದಲು ಅದರ ಮಾಲೀಕನಿಗೆ ಕಲಿಸಬೇಕು ಕಣಯ್ಯ. ಅವನೇ ನಂಬಿಬಿಟ್ರೆ ಅರ್ಧ ಕೆಲ್ಸ ಆಯ್ತು.” ಇದನ್ನು ಆತ ವೇದವಾಕ್ಯದಂತೆ ಹೇಳುತ್ತಿದ್ದ. ನಾನು ಬೂದಿ ಮೆತ್ತಿದ ಕೈಯಲ್ಲೇ ತಲೆದೂಗುತ್ತಿದ್ದೆ. ಕಾರ್ಖಾನೆಗೆ ನಟ್ಟು ಬೋಲ್ಟು ಕೊಳ್ಳುವ ಮಾತು ಎಂದು ನಾನು ತಿಳಿದಿದ್ದೆ.

ಇನ್ನು ಡಾಕ್ಟರಮ್ಮನವರ ವಿಷಯಕ್ಕೆ ಬರಬೇಕು. ಅವರಿಲ್ಲದೆ ಆತನ ಚಿತ್ರ ಪೂರ್ತಿಯಾಗುವುದಿಲ್ಲ.

ಹನುಮಂತನಗರದಲ್ಲಿ ಗುಡ್ಡದ ಕೆಳಗಿನ ಬೀದಿಯಲ್ಲಿ ಅವರ ಮನೆ. ಮದುವೆಯಾಗಿರಲಿಲ್ಲ. ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಲೂ ಸಾರಕ್ಕಿ, ಪುಟ್ಟೇನಹಳ್ಳಿ ಕಡೆಯ ಬಸುರಿಯರನ್ನು ನೋಡಲು ಹೋಗುತ್ತಿದ್ದರು. ಹೋಗುತ್ತಿದ್ದದ್ದು ಅವರ ಪುಟ್ಟ ಕಪ್ಪು ಇಂಗ್ಲಿಷ್ ಕಾರಿನಲ್ಲಿ. ಯುದ್ಧದ ನಂತರ ಊರು ಬಿಟ್ಟು ಹೋದ ಯಾರೋ ಇಂಗ್ಲಿಷ್ ಡಾಕ್ಟರಿಂದ ಕೊಂಡದ್ದಂತೆ. ಆ ಕಾಲಕ್ಕೆ ಸಾರಕ್ಕಿಯಿಂದ ಆಚೆ ಆಟೋದವರು ಬರುತ್ತಿರಲಿಲ್ಲ, ರಸ್ತೆ ಹಾಗಿತ್ತು. ಆ ಕಾರು ಕೆರೆಯ ಏರಿಯ ಮೇಲೆ ಬರುವುದು ಕಂಡರೆ ಯಾರ ಮನೆಯಲ್ಲೋ ಮಗು ಹುಟ್ಟುತ್ತಿದೆ ಎಂದು ಜನ ತಿಳಿಯುತ್ತಿದ್ದರು. ನನ್ನ ದೊಡ್ಡ ಮಗಳು ಹುಟ್ಟಿದ್ದೂ ಹಾಗೆಯೇ, ಮಟಮಟ ಮಧ್ಯಾಹ್ನ, ಮಗು ಅಡ್ಡ ತಿರುಗಿತ್ತು. ಅವರು ಬಂದು ತಿರುಗಿಸಿದರು. ಕೈ ತೊಳೆದುಕೊಂಡು ಹೊರಗೆ ಬಂದವರು, “ಬ್ಯಾಟರಿ ನೋಡೋ ಹಾಗೆ ದೂರದಿಂದ ನೋಡ್ಬೇಡ, ಎತ್ಕೋ,” ಎಂದರು.

ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು, ಒಂದು ಬೆಳಿಗ್ಗೆ ಇಬ್ಬರು ಆ ಕಾರನ್ನು ತಳ್ಳಿಕೊಂಡು ನನ್ನ ಅಂಗಡಿಗೆ ಬಂದರು. ಸ್ಟೀರಿಂಗ್ ಹಿಡಿದು ಡಾಕ್ಟರಮ್ಮ ಕೂತಿದ್ದರು. ಅವರಿಗೆ ಆಗ ಅರವತ್ತು ದಾಟಿತ್ತು. ಮಣಿಕಟ್ಟು ಒಮ್ಮೆ ಮುರಿದಿದ್ದರಿಂದ ಹ್ಯಾಂಡಲ್ ಹೊಡೆದು ಕಾರು ಎಬ್ಬಿಸಲು ಆಗುತ್ತಿರಲಿಲ್ಲ. ಸೆಲ್ಫಿನಲ್ಲೇ ಏಳಬೇಕು, ಅದಕ್ಕೆ ಬ್ಯಾಟರಿ ಬೇಕು.

“ನೋಡೋ ರೇವಣ್ಣ, ಕಟ್ ಕಟ್ ಅನ್ನುತ್ತೆ, ಏಳಲ್ಲ.”

ಬಿಚ್ಚಿ ನೋಡಿದೆ. ಆರು ವೋಲ್ಟಿನ ಬ್ಯಾಟರಿ, ಒಳಗೆ ಮೂರು ಮನೆಗಳು, ಅಂದರೆ ಸೆಲ್ಲುಗಳು. ಒಂದು ಮನೆ ಪೂರ್ತಿ ಸತ್ತಿತ್ತು, ಉಳಿದೆರಡು ಸಾಯುತ್ತಿದ್ದವು. ಅಂಗಡಿಗಳಲ್ಲಿ ಸಿಗುತ್ತಿದ್ದದ್ದೆಲ್ಲ ಹನ್ನೆರಡು ವೋಲ್ಟಿನವು. ಅದನ್ನು ಹಾಕಬೇಕಾದರೆ ಡೈನಮೊದಿಂದ ಬಲ್ಬಿನವರೆಗೆ ಎಲ್ಲ ಬದಲಾಗಬೇಕು. ಮೋಟರ್ ಸೈಕಲ್ಲಿನ ಆರು ವೋಲ್ಟಿನದು ಚಿಕ್ಕದು, ಕಾರಿನ ಸೆಲ್ಫನ್ನು ಎಳೆಯಲಾರದು. ಆದರೆ ಇದರ ಕಪ್ಪು ರಬ್ಬರಿನ ಡಬ್ಬ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಎಲ್ಲೂ ಬಿರುಕಿರಲಿಲ್ಲ. ಜೆ.ಸಿ. ರಸ್ತೆಯಿಂದ ಪ್ಲೇಟು ತಂದು ಅದೇ ಡಬ್ಬದಲ್ಲಿ ಕಟ್ಟಿದರೆ ಮುಗಿಯಿತು.

“ನಾಲ್ಕು ದಿನ ಕೊಡಿ ಡಾಕ್ಟ್ರಮ್ಮ, ಹೊಸದರ ಹಾಗೆ ಮಾಡ್ಕೊಡ್ತೀನಿ,” ಎಂದೆ.

“ಈ ಕಾರಲ್ಲಿ ಪ್ಲಸ್ಸನ್ನ ಕಾರಿನ ಮೈಗೆ ಕಟ್ಟೋದು ಕಣೋ, ಬೇರೆ ಕಾರುಗಳ ಹಾಗೆ ಮೈನಸ್ಸಲ್ಲ. ಉಲ್ಟಾ ಕಟ್ಟೀಯ,” ಎಂದರು. ಅವರಿಗೆ ಅಷ್ಟು ತಿಳಿದಿತ್ತು.

ಆ ಹೊತ್ತಿಗೆ ಆತ ಬಂದ. ಬರಬಾರದಿತ್ತು, ಬಂದ. ಕಾರನ್ನು ಕಂಡದ್ದೇ ಆತನ ಕಣ್ಣು ಬದಲಾದದ್ದನ್ನು ನಾನು ನೋಡಿದೆ. ಸುತ್ತ ಒಂದು ಸುತ್ತು ಬಂದ. ಬಾನೆಟ್ಟಿಗೆ ಉಂಗುರದಿಂದ ಹೊಡೆದ. ತಲೆ ಅಲ್ಲಾಡಿಸಿದ.

“ಮೇಡಂ, ತಪ್ಪು ತಿಳ್ಕೋಬೇಡಿ. ಇಂಥ ಕಾರಿಗೆ ಇಲ್ಲಿ ಕೈಯಲ್ಲಿ ಕಟ್ಟಿದ ಬ್ಯಾಟರಿ ಹಾಕೋದು ಪಾಪ. ವೈರಿಂಗ್ ಎಲ್ಲಾ ಸುಟ್ಟು ಹೋಗುತ್ತೆ. ಇದಕ್ಕೆ ಇಂಗ್ಲೆಂಡಿನ ಒರಿಜಿನಲ್ಲೇ ಆಗಬೇಕು. ನನಗೆ ಅಲ್ಲಿ ಜನ ಇದ್ದಾರೆ, ಕಾಗದ ಬರೀತೀನಿ.”

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಆಸಿಡ್ಡಿನ ಜಾಡಿಯ ಮುಚ್ಚಳ ಸರಿ ಮಾಡುತ್ತಿದ್ದೆ.

ಕಾರು ಹನುಮಂತನಗರಕ್ಕೆ ವಾಪಸು ತಳ್ಳಿಸಿಕೊಂಡು ಹೋಯಿತು. ಬ್ಯಾಟರಿಯೂ ಅದರೊಳಗೇ ಹೋಯಿತು. ಮುಂದೆ ಒಂದು ವರ್ಷ ನಡೆದದ್ದು ನಾಟಕ. ಇಂಗ್ಲೆಂಡಿನಿಂದ ಉತ್ತರ ಬಂದಿಲ್ಲ ಎಂದ. ಬಂದಿದೆ, ಆದರೆ ಆಮದಿಗೆ ಲೈಸೆನ್ಸು ಬೇಕು ಎಂದ. ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ ಎಂದ. ನಡುನಡುವೆ ಅವರ ಮನೆಗೆ ಹೋಗಿ ಕಾರನ್ನು ನೋಡಿ, ಪ್ರತಿ ಸಲವೂ ಒಂದು ಹೊಸ ರೋಗ ಕಂಡುಹಿಡಿದು ಬರುತ್ತಿದ್ದ. ಡೈನಮೊ ಹೋಗಿದೆ ಎಂದ. ಟೈರು ನೆಲ ಕಚ್ಚಿದೆ, ಇಂಜಿನ್ನು ಹಿಡಿದುಕೊಂಡಿರಬೇಕು ಎಂದ. ಒಂದೇ ಒಂದು ಕಾಗದವನ್ನೂ ಆತ ಯಾರಿಗೂ ಬರೆದಿರಲಿಲ್ಲ. ಇದು ನನಗೆ ಆತನ ಬಾಯಿಂದಲೇ ಗೊತ್ತಾದದ್ದು. ನಗುತ್ತಾ ಹೇಳಿದ್ದ.

ಅದೇ ದಿನ ಇನ್ನೊಂದು ಮಾತನ್ನೂ ಹೇಳಿದ: “ಆಯಮ್ಮ ಬಂದು ಕೇಳಿದ್ರೆ ಪ್ಲೇಟು ಸಿಗಲ್ಲ ಅನ್ನು.”

“ಸಾರ್, ಪಾಪ, ಅವರು ಹೆರಿಗೆಗೆ…”

“ಬಸ್ಸಿದೆಯಲ್ಲಯ್ಯಾ. ಮುದುಕಿಗೆ ಕಾರು ಯಾಕೆ? ನಿನಗೆ ವ್ಯಾನಿನ ಕೆಲ್ಸ ಬೇಕೋ ಬೇಡ್ವೋ?”

“ಆಯ್ತು ಸಾರ್,” ಎಂದೆ.

ಅವರು ಬಂದರು. ಹನುಮಂತನಗರದಿಂದ ನಡೆದೇ ಬಂದಿದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಸ್ಟೂಲಿನ ಮೇಲೆ ಕೂತು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಕೇಳಿದರು.

“ರೇವಣ್ಣ, ಇಂಗ್ಲೆಂಡು ಗಿಂಗ್ಲೆಂಡು ಎಲ್ಲಾ ಬಿಡು. ನಿನ್ನ ಕೈಲಿ ಆಗುತ್ತಾ ಇಲ್ವಾ? ಅಷ್ಟು ಹೇಳು.”

ನನ್ನ ಹಿಂದಿನ ಹಲಗೆಯ ಮೇಲೆ ಅವರ ಡಬ್ಬಕ್ಕೆ ಒಪ್ಪುವ ಪ್ಲೇಟುಗಳ ಒಂದು ಕಟ್ಟು ಇತ್ತು. ಅವರಿಗೆಂದೇ ತಂದು ಹತ್ತು ತಿಂಗಳಾಗಿತ್ತು.

“ಪ್ಲೇಟು ಸಿಗ್ತಿಲ್ಲ ಡಾಕ್ಟ್ರಮ್ಮ,” ಎಂದೆ.

“ಸರಿ ಹಾಗಾದ್ರೆ,” ಎಂದು ಎದ್ದರು. ನೀರು ಬೇಕಾ ಎಂದು ಕೇಳುವುದೂ ನನಗೆ ಹೊಳೆಯಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಆತ ಕಾರನ್ನು ಕೊಂಡ. ಕೊಂಡ ಎನ್ನುವುದಕ್ಕಿಂತ ಎತ್ತಿಕೊಂಡು ಬಂದ ಎನ್ನಬೇಕು, ಗುಜರಿಯವನು ಕೊಡುವ ಬೆಲೆಗೆ. “ಗುಜರಿಗೆ ಹೋಗೋ ಬದಲು ಬೆಲೆ ಗೊತ್ತಿರೋರ ಮನೆಗೆ ಹೋಗಲಿ ಮೇಡಂ,” ಎಂದನಂತೆ. ಅದೇ ಸಂಜೆ ಕಪ್ಪು ರಬ್ಬರಿನ ಡಬ್ಬ ನನ್ನ ಮೇಜಿನ ಮೇಲಿತ್ತು. “ನಾಲ್ಕು ದಿನ ಅಂದಿದ್ದೆಯಲ್ಲ, ಮೂರರಲ್ಲಿ ಮಾಡು,” ಎಂದ.

ಮಾಡಿದೆ. ಚೆನ್ನಾಗಿಯೇ ಮಾಡಿದೆ, ಕೆಟ್ಟದಾಗಿ ಮಾಡಲು ಕೈ ಬರುವುದಿಲ್ಲ. ನಾನೇ ಆತನ ಮನೆಗೆ ಹೋಗಿ ಕೂರಿಸಿದೆ. ಪ್ಲಸ್ಸನ್ನು ಕಾರಿನ ಮೈಗೆ ಕಟ್ಟುತ್ತಿದ್ದಾಗ ಆತ ಹಿಂದಿನಿಂದ, “ಉಲ್ಟಾ ಕಟ್ತಿದೀಯಲ್ಲೋ ದಡ್ಡ!” ಎಂದು ಗದರಿದ. ಇದಕ್ಕೆ ಹೀಗೇ ಸಾರ್ ಎಂದೆ. “ಅದೇ, ಪರೀಕ್ಷೆ ಮಾಡ್ದೆ,” ಎಂದ. ಸೆಲ್ಫ್ ಎಳೆದ. ಎರಡನೇ ಸಲಕ್ಕೆ ಕಾರು ಎದ್ದಿತು. ಡೈನಮೊಗೆ ಏನೂ ಆಗಿರಲಿಲ್ಲ. ಇಂಜಿನ್ನಿಗೂ ಏನೂ ಆಗಿರಲಿಲ್ಲ. ವೈರಿಂಗು ಸುಡಲಿಲ್ಲ.

ಮರು ವರ್ಷ ಜಯನಗರದ ಒಂದು ಶಾಲೆಯ ಮೈದಾನದಲ್ಲಿ ಸಂಘದವರು ಹಳೇ ಕಾರುಗಳ ಪ್ರದರ್ಶನ ಇಟ್ಟರು. ಶಾಮಿಯಾನ, ಮೈಕು, ಬಹುಮಾನ. ಆ ಕಪ್ಪು ಕಾರಿಗೆ ಮೊದಲ ಬಹುಮಾನ ಬಂತು. ಆತ ಡಾಕ್ಟರಮ್ಮನವರನ್ನು ಆಹ್ವಾನಿಸಿದ್ದ. ನಾಚಿಕೆ ಇದ್ದವನು ಆ ಬೀದಿಯಲ್ಲೇ ಓಡಾಡುತ್ತಿರಲಿಲ್ಲ. ಈತ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ, ಕೈಗೆ ಹೂಗುಚ್ಛ ಕೊಡಿಸಿದ. ಮೈಕಿನಲ್ಲಿ ಹೇಳಿದ:

“ಈ ಕಾರು ನನ್ನ ಕೈಗೆ ಬಂದಾಗ ಕಸ ಆಗಿತ್ತು. ಇದಕ್ಕೆ ತಕ್ಕ ಬ್ಯಾಟರಿ ಆರಿಸೋದಕ್ಕೇ ನಾನು ಒಂದು ವರ್ಷ ತಪಸ್ಸು ಮಾಡಿದೀನಿ. ಕೊನೆಗೆ ನಾನೇ ನಿಂತು ಮಾಡಿಸಿದೆ.”

ಚಪ್ಪಾಳೆ ಬಿತ್ತು. ಡಾಕ್ಟರಮ್ಮ ಎದ್ದು ಕಾರಿನ ಹತ್ತಿರ ಹೋದರು. “ಸ್ವಲ್ಪ ತೆಗೀರಿ, ನೋಡ್ತೀನಿ,” ಎಂದರು. ಆತ ಹೆಮ್ಮೆಯಿಂದ ಬಾನೆಟ್ಟು ಎತ್ತಿದ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

“ಈ ಮೂಲೇಲಿ ಚಕ್ಕೆ ಎದ್ದಿದೆಯಲ್ಲ, ಅದು ನಾನೇ ಸ್ಪ್ಯಾನರು ಬೀಳಿಸಿ ಆಗಿದ್ದು. ಇದು ನನ್ನ ಡಬ್ಬಾನೇ. ಪ್ಲೇಟು ಎಲ್ಲಿ ಸಿಕ್ತು?”

ಸುತ್ತ ಐದಾರು ಜನ ನಿಂತಿದ್ದರು. ಆತ ಒಂದು ಕ್ಷಣವೂ ತಡವರಿಸಲಿಲ್ಲ. ಜನರ ಹಿಂದೆ ನಿಂತಿದ್ದ ನನ್ನ ಕಡೆ ಕೈ ತೋರಿಸಿದ.

“ಅದನ್ನ ನಮ್ಮ ರೇವಣ್ಣನ್ನೇ ಕೇಳ್ಬೇಕು ಮೇಡಂ. ಆಗ ಇಲ್ಲ ಅಂದಿದ್ದ, ಆಮೇಲೆ ಅವನಿಗೇ ಸಿಕ್ತು. ನಮ್ಮದೇನಿದ್ರೂ ಬರೀ ಗೈಡೆನ್ಸು!”

ಜನ ನಕ್ಕರು. ಡಾಕ್ಟರಮ್ಮ ನನ್ನನ್ನು ನೋಡಿದರು. ಹೂಗುಚ್ಛವನ್ನು ಕುರ್ಚಿಯ ಮೇಲಿಟ್ಟು, ಛತ್ರಿ ಬಿಚ್ಚಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.

ಎಲ್ಲ ಮುಗಿದ ಮೇಲೆ ಆತ ನನ್ನ ಹತ್ತಿರ ಬಂದು ಭುಜ ತಟ್ಟಿದ. “ಒಳ್ಳೇದಾಯ್ತು ಕಣಯ್ಯ, ಬಾಯಿ ಬಿಡಲಿಲ್ಲ ನೀನು. ವ್ಯಾಪಾರ ಗೊತ್ತಿರೋನು.” ಅಷ್ಟು ವರ್ಷಗಳಲ್ಲಿ ಆತ ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ತಟ್ಟಿದ ಮೇಲೆ ಜೇಬಿನಿಂದ ಕರ್ಚೀಫು ತೆಗೆದು ಕೈ ಒರೆಸಿಕೊಂಡ.

ನಾಲ್ಕನೇ ದಿನ ಅಂಗಡಿಗೆ ಬೀಗ ಹಾಕಿ ಹನುಮಂತನಗರಕ್ಕೆ ಹೋದೆ. ಡಾಕ್ಟರಮ್ಮ ಜಗಲಿಯ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಕಾರಿನ ಶೆಡ್ಡಿನಲ್ಲಿ ಸೌದೆ ತುಂಬಿಸಿದ್ದರು. ಪುಟ್ಟೇನಹಳ್ಳಿಯ ಕಡೆ ಹೋಗುವುದು ನಿಂತು ಎರಡು ವರ್ಷವಾಗಿತ್ತು. ಅಲ್ಲಿಂದ ಬಸುರಿಯರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತರುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪ್ಲೇಟು ಇತ್ತು ಎಂದೆ. ಆತ ಹೇಳಿಕೊಟ್ಟ ಮಾತನ್ನೇ ಆಡಿದೆ ಎಂದೆ. ಆತ ಎಂಥವನು, ಹೇಗೆ ಕಾಗದವನ್ನೇ ಬರೆಯದೆ ಬರೆದೆ ಎಂದ, ಹೇಗೆ ನನ್ನನ್ನು ಹೆದರಿಸಿದ, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಸ್ವಲ್ಪ ಹಗುರವೂ ಆಗತೊಡಗಿತ್ತು.

ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

“ಅವನ ವಿಷಯ ನನಗ್ಯಾಕೆ ಹೇಳ್ತೀಯೋ? ಅವನು ಎಂಥವನು ಅಂತ ಮೊದಲನೇ ದಿನವೇ ಗೊತ್ತಾಗಿತ್ತು. ಅದಕ್ಕೇ ಅಲ್ವಾ ಅಷ್ಟು ದೂರ ನಡ್ಕೊಂಡು ಬಂದು ನಿನ್ನ ಕೇಳಿದ್ದು?”

ಮತ್ತೆ ಕಾಯಿ ಕೈಗೆತ್ತಿಕೊಂಡರು. ನಾನು ಮೆಟ್ಟಿಲು ಇಳಿದು ಬಂದೆ.

ಆಮೇಲೆ ಡಾಕ್ಟರಮ್ಮ ನನ್ನ ಅಂಗಡಿಯ ಕಡೆ ಬರಲಿಲ್ಲ. ಆತ ಬಂದ, ಮುಂದಿನ ಸೋಮವಾರವೇ ಬಂದ, ವ್ಯಾನಿನ ಎರಡು ಬ್ಯಾಟರಿ ತಂದಿದ್ದ. “ಏನಯ್ಯಾ,” ಎಂದ. “ಬನ್ನಿ ಸಾರ್,” ಎಂದೆ. ಅಲ್ಲಿಂದ ಮುಂದೆ ಇನ್ನೂ ಆರು ವರ್ಷ ಆತನ ಕೆಲಸ ಮಾಡಿದೆ.